ಗೂಗಲ್‌ನಲ್ಲಿ ನಮ್ಮ ಸೀರೆ ಅಂಗಡಿ ಏಕೆ ಕಾಣಿಸುತ್ತಿಲ್ಲ?

ಪ್ರಶ್ನೆ: ಚಿತ್ರದುರ್ಗದಲ್ಲಿ ನಮ್ಮದು ಮೊಳಕಾಲ್ಮೂರು ಕೈಮಗ್ಗದ ರೇಷ್ಮೆ ಸೀರೆಗಳ ಅಂಗಡಿ. ಎರಡೂವರೆ ತಿಂಗಳ ಹಿಂದೆ ಪರಿಚಯದ ಹುಡುಗನಿಂದ ವೆಬ್‌ಸೈಟ್ ಮಾಡಿಸಿದೆವು. ‘ಮೊಳಕಾಲ್ಮೂರು ಸೀರೆ’ ಎಂದು ಹುಡುಕಿದರೆ ಯಾರ್ಯಾರದೋ ತಾಣಗಳು ಬರುತ್ತವೆ, ನಮ್ಮದು ಬರುವುದಿಲ್ಲ. 25,000 ರೂಪಾಯಿ ಕೊಟ್ಟರೆ ಹದಿನೈದು ದಿನದಲ್ಲಿ ಮೊದಲ ಸ್ಥಾನಕ್ಕೆ ತರುತ್ತೇನೆಂದು ಒಬ್ಬರು ಫೋನ್ ಮಾಡುತ್ತಿದ್ದಾರೆ. ಕೊಡಬಹುದೇ?
– ಓದುಗರು, ಚಿತ್ರದುರ್ಗ

ಉತ್ತರ: ದಯವಿಟ್ಟು ಕೊಡಬೇಡಿ. ಜಾಹೀರಾತಿನ ಜಾಗವನ್ನು ಗೂಗಲ್ ಹಣಕ್ಕೆ ಕೊಡುತ್ತದೆ, ಅದು ಬೇರೆ. ಹುಡುಕಾಟದ ಫಲಿತಾಂಶದಲ್ಲಿ ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತಾನೇ ತನ್ನ ಮಾರ್ಗದರ್ಶಿಯಲ್ಲಿ ಬರೆದಿದೆ. ಇಂಥ ಭರವಸೆ ಕೊಡುವವರಲ್ಲಿ ಹಲವರು, ಲಿಂಕ್ ಹೆಚ್ಚಿದ್ದರೆ ಗೂಗಲ್ ಮೇಲಕ್ಕೆ ತರುತ್ತದೆಂಬ ಲೆಕ್ಕದಲ್ಲಿ, ನೂರಾರು ಕಸದ ತಾಣಗಳಲ್ಲಿ ನಿಮ್ಮ ಲಿಂಕ್ ತುರುಕುತ್ತಾರೆ. 2012ರಲ್ಲಿ ಗೂಗಲ್ ತನ್ನ ಹುಡುಕಾಟದ ವ್ಯವಸ್ಥೆಯಲ್ಲಿ ತಂದ ‘ಪೆಂಗ್ವಿನ್’ ಎಂಬ ಬದಲಾವಣೆ ಇಂಥ ಲಿಂಕ್‌ಗಳನ್ನು ಹಿಡಿಯಲೆಂದೇ ಬಂದದ್ದು.

ನೀವು ಕಳುಹಿಸಿದ ವಿಳಾಸವನ್ನು ತೆರೆದು ನೋಡಿದೆ. ಗೂಗಲ್‌ನಲ್ಲಿ ‘ಸೈಟ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ತಾಣದ ವಿಳಾಸ ಕೊಟ್ಟರೆ ಒಂದು ಪುಟವೂ ಬರಲಿಲ್ಲ. ಅಂದರೆ ನೀವು ಹಿಂದೆ ಬಿದ್ದಿಲ್ಲ, ಗೂಗಲ್‌ನ ಪಟ್ಟಿಯಲ್ಲೇ ಇಲ್ಲ. ಕಾರಣವೂ ಸಿಕ್ಕಿತು. ನಿಮ್ಮ ತಾಣವನ್ನು ಕಟ್ಟಿರುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ. ಅದರ ಸೆಟ್ಟಿಂಗ್ಸ್‌ನೊಳಗೆ ‘ರೀಡಿಂಗ್’ ಎಂಬಲ್ಲಿ ಸರ್ಚ್ ಎಂಜಿನ್‌ಗಳನ್ನು ದೂರವಿಡುವ ಒಂದು ಚೌಕವಿದೆ. ತಾಣ ಕಟ್ಟುವಾಗ ಅದಕ್ಕೆ ಗುರುತು ಹಾಕಿ, ಮುಗಿದ ಮೇಲೆ ತೆಗೆಯಲು ಮರೆತಿದ್ದಾರೆ. ಇವತ್ತೇ ತೆಗೆಸಿ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ‘ನಮ್ಮ ಸೀರೆಗಳು’ ಪುಟದಿಂದ ಒಂದು ಸಾಲನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿದೆ. ಕನ್ನಡ ಮಾಯವಾಗಿ, ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಸಾಲಾಗಿ ನಿಂತವು. ಹಳೆಯ ನುಡಿ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದ ಕರಪತ್ರದ ಬರಹವನ್ನು ಹಾಗೆಯೇ ಏರಿಸಿದ್ದಾರೆ. ಆ ಫಾಂಟ್ ತಾಣದ ಜೊತೆಗೇ ಇರುವುದರಿಂದ ನಮ್ಮ ಕಣ್ಣಿಗೆ ‘ಸೀರೆ’ ಎಂದು ಕಾಣುತ್ತದೆ. ಗೂಗಲ್ ಫಾಂಟ್ ನೋಡುವುದಿಲ್ಲ, ಅದರ ಹಿಂದಿನ ಸಂಕೇತವನ್ನು ಓದುತ್ತದೆ. ಅದರ ಪಾಲಿಗೆ ನಿಮ್ಮ ತಾಣದಲ್ಲಿ ‘ಸೀರೆ’ ಎಂಬ ಪದವೇ ಇಲ್ಲ! ಬರಹವನ್ನೆಲ್ಲ ಯೂನಿಕೋಡ್‌ಗೆ, ಅಂದರೆ ಕಂಪ್ಯೂಟರ್‌ಗಳು ಕನ್ನಡವೆಂದೇ ಓದುವ ಸಂಕೇತಕ್ಕೆ, ಬದಲಾಯಿಸಿ. ಉಚಿತ ಪರಿವರ್ತಕಗಳಿವೆ. ಆದರೆ ಒತ್ತಕ್ಷರಗಳು ಕೆಟ್ಟಿರಬಹುದು, ಒಮ್ಮೆ ಕೂತು ಓದಿ ತಿದ್ದಿ.

ಮುಖಪುಟದ ಶೀರ್ಷಿಕೆ ಬರಿಯ ‘ಹೋಮ್’ ಎಂದಿದೆ. ‘ಮೊಳಕಾಲ್ಮೂರು ಕೈಮಗ್ಗದ ರೇಷ್ಮೆ ಸೀರೆ, ಚಿತ್ರದುರ್ಗ’ ಎಂದು ಮಾಡಿ, ಜೊತೆಗೆ ಅಂಗಡಿಯ ಹೆಸರಿರಲಿ. ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕುವವರೂ ಬಹಳ. ಅವರಿಗಾಗಿ ಇಂಗ್ಲಿಷ್ ಪುಟವೊಂದು ಬೇಕು.

ಮುಂದಿನದು ನೀವೇ ಮಾಡಬೇಕಾದ ಕೆಲಸ. ನಿಮ್ಮ ಪ್ರತಿ ಸೀರೆಯ ಕೆಳಗೆ ‘ಉತ್ತಮ ಗುಣಮಟ್ಟ’ ಎಂದಷ್ಟೇ ಇದೆ. ಅಂಗಡಿಗೆ ಬಂದ ಹೆಣ್ಣುಮಕ್ಕಳು ಅಷ್ಟಕ್ಕೇ ಸೀರೆ ಕೊಳ್ಳುತ್ತಾರೆಯೇ? ಝರಿ ಎಂಥದು, ಅಂಚು ಎಷ್ಟು ಅಗಲ, ಸೆರಗಿನಲ್ಲಿ ಏನು ನೇಯ್ದಿದ್ದಾರೆ, ಬುಟ್ಟಾ ಒಡಲು ಪೂರ್ತಿ ಇದೆಯೇ, ರವಿಕೆ ಬಟ್ಟೆ ಸೇರಿದೆಯೇ, ಒಗೆಯುವುದು ಹೇಗೆ ಎಂದೆಲ್ಲ ಕೇಳುತ್ತಾರೆ. ನೀವು ದಿನಕ್ಕೆ ಹತ್ತು ಸಲ ಬಾಯಲ್ಲಿ ಹೇಳುವ ಈ ಉತ್ತರಗಳನ್ನೇ ಬರೆಯಿರಿ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಮಗ್ಗದ ಸೀರೆಗೂ ಯಂತ್ರದ ನಕಲಿಗೂ ವ್ಯತ್ಯಾಸ ಗುರುತಿಸುವುದು ಹೇಗೆಂದು ನಿಮ್ಮ ನೇಕಾರರನ್ನು ಕೇಳಿ, ಮಗ್ಗದ ಮುಂದೆ ನಿಂತು ಫೋಟೊ ತೆಗೆದು ಒಂದು ಪುಟ ಮಾಡಿ. ಬೇರೆ ಊರಿನ ದೊಡ್ಡ ಮಾರಾಟಗಾರರಿಗೆ ಈ ಪುಟ ಬರೆಯುವುದು ಸುಲಭವಲ್ಲ. ಮಗ್ಗದ ಸದ್ದು ಕೇಳುವಷ್ಟು ಹತ್ತಿರ ಇರುವವರು ನೀವು.

ಫೋಟೊಗಳನ್ನು ಕುಗ್ಗಿಸಿ ಏರಿಸಿ, ಭಾರವಾದರೆ ಮೊಬೈಲಿನಲ್ಲಿ ಪುಟ ನಿಧಾನವಾಗಿ ತೆರೆಯುತ್ತದೆ. 2019ರ ಜುಲೈನಿಂದ ಗೂಗಲ್ ಹೊಸ ತಾಣಗಳನ್ನು ಮೊಬೈಲ್ ರೂಪದಲ್ಲೇ ಓದುತ್ತಿದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕೆಂಬುದು ಅದರ ಅಳತೆ.

ಇಷ್ಟಾದ ಮೇಲೆ, ತಾಣದ ಮಾಲೀಕರಿಗೆಂದೇ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ತಾಣವನ್ನು ನೋಂದಾಯಿಸಿ, ಸೈಟ್‌ಮ್ಯಾಪ್ (ತಾಣದ ಪುಟಗಳ ಪಟ್ಟಿ) ಕೊಡಿ. ಅದಕ್ಕೆ ಹಣವಿಲ್ಲ. ಬದಲಾವಣೆ ಕೆಲವು ದಿನಗಳಲ್ಲೂ ಕಾಣಬಹುದು, ಕೆಲವು ತಿಂಗಳೂ ಹಿಡಿಯಬಹುದು. ಜನ ಯಾವ ಯಾವ ಪದ ಹುಡುಕಿ ನಿಮ್ಮಲ್ಲಿಗೆ ಬಂದರೆಂದು ಅಲ್ಲೇ ತಿಳಿಯುತ್ತದೆ, ವಾರಕ್ಕೊಮ್ಮೆ ನೋಡಿ.

ಪ್ರಶ್ನೆ: ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹೋಟೆಲ್ ತೆರೆದಿದ್ದೇನೆ. ವೆಬ್‌ಸೈಟ್ ಬೇಕೇ?
– ಓದುಗರು, ದಾವಣಗೆರೆ

ಉತ್ತರ: ಈಗಲೇ ಬೇಡ. ಹಸಿದು ಬಂದವರು ಮ್ಯಾಪ್ ತೆರೆಯುತ್ತಾರೆ. ಮ್ಯಾಪ್‌ನಲ್ಲಿ ನಿಮ್ಮ ಹೋಟೆಲ್‌ನ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ, ಅದನ್ನು ಮೊದಲು ಮಾಡಿಸಿ. ತೆರೆಯುವ ಸಮಯ, ವಾರದ ರಜೆ, ಫೋನ್ ಸಂಖ್ಯೆ ಸರಿಯಾಗಿರಲಿ. ಹೆಸರಿನ ಜೊತೆ ‘ನಂಬರ್ ಒನ್ ಬೆಣ್ಣೆ ದೋಸೆ’ ಎಂದೆಲ್ಲ ಸೇರಿಸಬೇಡಿ, ಬೋರ್ಡಿನಲ್ಲಿ ಇರುವ ಹೆಸರೇ ಇರಬೇಕೆಂಬುದು ನಿಯಮ. ಒಳ್ಳೆಯ ಅಭಿಪ್ರಾಯ ಬರೆದವರಿಗೆ ರಿಯಾಯಿತಿ ಕೊಡುವುದಕ್ಕೂ ಅವಕಾಶವಿಲ್ಲ. ದೋಸೆಯ ಫೋಟೊವನ್ನು ಎಲ್ಲಿಂದಲೋ ಇಳಿಸಿಕೊಳ್ಳದೆ ನಿಮ್ಮ ಕಾವಲಿಯ ಮೇಲಿನದನ್ನೇ ತೆಗೆದು ಹಾಕಿ.