ಕಳ್ಳ ಬರಲಿಲ್ಲ, ನಾನೇ ಬರೆದುಕೊಟ್ಟೆ

ಐದು ಕಾರ್ಟೂನ್ ಪಾತ್ರ ಸೃಷ್ಟಿಸಿದ್ದೀರಿ, ಯಾರೂ ಕದಿಯದಂತೆ ಕಾನೂನಿನ ರಕ್ಷಣೆ ಪಡೆಯೋದು ಹೇಗೆ ಅಂತ ಕೇಳಿದ್ದೀರಿ, ಅದು ಸಿಗುವ ತನಕ ಯಾರಿಗೂ ತೋರಿಸಲ್ಲ ಅಂತಿದ್ದೀರಿ. ಓದಿ ನಗು ಬಂತು, ಹೊಟ್ಟೆಯೂ ಸ್ವಲ್ಪ ಉರಿಯಿತು. ನಾನೂ ಹೀಗೇ ಇದ್ದೆ.

ನನ್ನದು ಟ್ರಂಕಯ್ಯ. ಚಿಪ್ಪಿನ ಬದಲು ತುಕ್ಕು ಹಿಡಿದ ಟ್ರಂಕು ಹೊತ್ತ ಆಮೆ. ಹೆದರಿದರೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿತ್ತು. ಎರಡು ವರ್ಷ ಗೆಳೆಯರಿಗೂ ತೋರಿಸಲಿಲ್ಲ. ಚಿತ್ರಗಳನ್ನು ಲಕೋಟೆಗೆ ಹಾಕಿ ನನಗೆ ನಾನೇ ಅಂಚೆಯಲ್ಲಿ ಕಳಿಸಿಕೊಂಡು, ಒಡೆಯದೆ ಇಟ್ಟಿದ್ದೆ, ಮುದ್ರೆಯ ತಾರೀಖೇ ಸಾಕ್ಷಿ ಅಂತ. (ಆ ಸರ್ಕಸ್ ಬೇಡ. ಖಾಲಿ ಲಕೋಟೆ ಕಳಿಸಿಕೊಂಡು ಆಮೇಲೆ ತುಂಬಿ ಅಂಟಿಸಿಲ್ಲ ಅನ್ನೋದಕ್ಕೇನು ಸಾಕ್ಷಿ ಅಂತ ಯಾವ ವಕೀಲರಾದರೂ ಕೇಳುತ್ತಾರೆ.)

ಕೊನೆಗೆ ಒಂದು ಪ್ರಕಾಶನದವರು ಹನ್ನೆರಡು ಪುಟದ ಟ್ರಂಕಯ್ಯನ ಕಥೆ ಕೇಳಿದರು. ಎರಡು ಹಾಳೆಯ ಒಪ್ಪಂದ ಬಂತು. ಮೂರನೇ ಷರತ್ತು: ಚಿತ್ರಗಳ ಹಾಗೂ ಅವುಗಳಲ್ಲಿನ ಪಾತ್ರಗಳ ಎಲ್ಲ ಹಕ್ಕುಗಳನ್ನು, ಎಲ್ಲ ಮಾಧ್ಯಮಗಳಿಗೂ, ಶಾಶ್ವತವಾಗಿ ವರ್ಗಾಯಿಸಲಾಗಿದೆ. ನಾನು ಓದದೆ ಸಹಿ ಹಾಕಲಿಲ್ಲ. ಓದಿದೆ, ಎರಡು ಸಲ ಓದಿದೆ, ಸಂಕಟ ಇರೋದೇ ಅಲ್ಲಿ. ಹಣ ಕೊಡ್ತಾರಲ್ಲ, ಆ ಹನ್ನೆರಡು ಪುಟ ಅವರದ್ದೇ, ಸರಿ ಅಂದುಕೊಂಡೆ. ‘ಪಾತ್ರಗಳ’ ಅನ್ನೋ ಒಂದು ಪದದ ಮೇಲೆ ಕಣ್ಣು ನಿಲ್ಲಲೇ ಇಲ್ಲ. ಅದು ಇಲ್ಲದಿದ್ದರೆ ಪುಟ ಅವರದ್ದು, ಆಮೆ ನನ್ನದು ಅಂತ ವಾದಿಸಲಾದರೂ ದಾರಿ ಇರುತ್ತಿತ್ತು. ಅದು ಇದ್ದದ್ದರಿಂದ ನಾನು ಹದಿಮೂರನೇ ಪುಟ ಬರೆದರೆ ನನ್ನದೇ ಆಮೆಯನ್ನು ನಾನೇ ನಕಲು ಮಾಡಿದ ಹಾಗೆ. ‘ವರ್ಗಾಯಿಸಲಾಗಿದೆ’ ಅನ್ನೋದನ್ನೂ ‘ಬಳಸಲು ಅನುಮತಿ’ ಅಂತಲೇ ಅರ್ಥ ಮಾಡಿಕೊಂಡಿದ್ದೆ. ಅನುಮತಿ ಅಂದರೆ ಮನೆ ಬಾಡಿಗೆಗೆ ಕೊಟ್ಟಂತೆ, ವರ್ಗಾವಣೆ ಅಂದರೆ ಕ್ರಯಪತ್ರ. ನಾನು ಕ್ರಯಪತ್ರಕ್ಕೆ ಸಹಿ ಹಾಕಿ ಬಾಡಿಗೆಗೆ ಕಾಯುತ್ತಾ ಕೂತೆ.

ಮುಂದಿನ ವರ್ಷ ಸ್ವಂತ ಪುಸ್ತಕ ಮಾಡ್ತೀನಿ ಅಂದಾಗ ನೋಟಿಸ್ ಬಂತು. ಅವರೂ ಮತ್ತೆ ಟ್ರಂಕಯ್ಯನನ್ನು ಬಳಸಲಿಲ್ಲ. ಬೀರುವಿನಲ್ಲಿದ್ದಾನೆ.

ವಾಲ್ಟ್ ಡಿಸ್ನಿಗೂ ಇಂಥದ್ದೇ ಆಗಿತ್ತು. ಆಸ್ವಾಲ್ಡ್ ಅನ್ನೋ ಕಾರ್ಟೂನ್ ಮೊಲದ ಹಕ್ಕು ಯೂನಿವರ್ಸಲ್ ಸಿನಿಮಾ ಕಂಪನಿ ಬಳಿ ಇದ್ದದ್ದರಿಂದ 1928ರಲ್ಲಿ ಅದು ಕೈತಪ್ಪಿತು. ಡಿಸ್ನಿ ಕಂಪನಿಗೆ ಮರಳಿ ಸಿಕ್ಕಿದ್ದು 2006ರಲ್ಲಿ. ಆತನೋ ಮೊಲ ಕೈತಪ್ಪಿದ ಬೆನ್ನಿಗೇ ಮಿಕ್ಕಿ ಮೌಸ್ ಹುಟ್ಟಿಸಿಕೊಂಡ. ನನಗೆ ಅಷ್ಟು ಬೇಗ ಇಲಿ ಸಿಗಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಬಾಗಿಲು ಕಾಯ್ತಿದೆ ಅಂತೀನಿ. ಕೃತಿಗಳ ಹಕ್ಕಿನ ಬಗ್ಗೆ ದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ, ಅಂದರೆ ಹೆಚ್ಚುಕಡಿಮೆ ಎಲ್ಲೆಡೆ, ಚಿತ್ರ ಬರೆದ ಕ್ಷಣವೇ ಹಕ್ಕುಸ್ವಾಮ್ಯ (ಕಾಪಿರೈಟ್) ಹುಟ್ಟುತ್ತದೆ, ಅರ್ಜಿ ಬೇಕಿಲ್ಲ. ನೋಂದಣಿ ಮಾಡಿಸಿದರೆ ಜಗಳದ ಹೊತ್ತಲ್ಲಿ ಸಾಕ್ಷಿಯಾಗುತ್ತದೆ, ಮಾಡಿಸಿ. ಆದರೆ ಅದಕ್ಕಾಗಿ ಪಾತ್ರಗಳನ್ನು ಬಚ್ಚಿಡಬೇಡಿ. ಹೊರಗೆ ಬಿಟ್ಟರೆ ಇದು ಇಂಥವರದ್ದು ಅಂತ ನಾಲ್ಕು ಜನಕ್ಕಾದರೂ ಗೊತ್ತಿರುತ್ತದೆ.

‘ಟ್ರಂಕು ಹೊತ್ತ ಆಮೆ’ ಅನ್ನೋ ಬರೀ ಐಡಿಯಾಗೆ ಮಾತ್ರ ಯಾವ ರಕ್ಷಣೆಯೂ ಇಲ್ಲ, ಯಾರು ಬೇಕಾದರೂ ತಮ್ಮದೇ ಆಮೆ ಬರೆಯಬಹುದು. ಅದಕ್ಕೇ ಪ್ರತಿ ಪಾತ್ರದ ಮುಂದು, ಹಿಂದು, ಪಕ್ಕ, ಕೋಪ, ನಗು, ಬಣ್ಣ ಎಲ್ಲ ಒಂದೇ ಹಾಳೆಯಲ್ಲಿ ಬರೆದು ತಾರೀಖು ಹಾಕಿ. ಪಾತ್ರಕ್ಕೆ ಎಷ್ಟು ಮೈಕಟ್ಟು, ಸ್ವಭಾವ ಇರುತ್ತದೋ ನಿಮ್ಮ ಕೈ ಅಷ್ಟು ಮೇಲು. ಹೆಸರಿಗೆ ಸಾಮಾನ್ಯವಾಗಿ ಹಕ್ಕುಸ್ವಾಮ್ಯ ಸಿಗಲ್ಲ, ಅದಕ್ಕೆ ಟ್ರೇಡ್‌ಮಾರ್ಕ್, ಅಂದರೆ ಮಾರುವ ಸರಕಿನ ಹೆಸರು, ಗುರುತಿಗೆ ಸಿಗುವ ರಕ್ಷಣೆ. ಬ್ಯಾಗು, ಟೀಶರ್ಟು ಮಾರೋ ದಿನ ಬಂದಾಗ ಅದನ್ನು ಯೋಚಿಸಿ. ಐದಕ್ಕೂ ಈಗಲೇ ದುಡ್ಡು ಸುರಿಯೋದು ದಂಡ.

ಹೋದ ವರ್ಷ ಹೊಸ ಪಾತ್ರಕ್ಕೆ ಇನ್ನೊಬ್ಬರಿಂದ ಒಪ್ಪಂದ ಬಂತು, ಹೆಚ್ಚುಕಡಿಮೆ ಅದೇ ಷರತ್ತು. ‘ಪಾತ್ರಗಳ’ ಅನ್ನೋದನ್ನು ಹೊಡೆದು ಹಾಕಿ, ‘ಈ ಪುಸ್ತಕಕ್ಕೆ ಮಾತ್ರ, ಮೂರು ವರ್ಷ ಬಳಸಲು ಅನುಮತಿ’ ಅಂತ ತಿದ್ದಿ ಕಳಿಸಿದೆ. ಜಗಳಕ್ಕೆ ಸಿದ್ಧನಾಗಿ ಕೂತಿದ್ದೆ. ಅದೇ ದಿನ ಸಂಜೆ ಉತ್ತರ ಬಂತು: ಆಗಲಿ.