ವಂಶವೃಕ್ಷದಲ್ಲಿಲ್ಲದ ಅಜ್ಜಿ

ಊರು, ವಯಸ್ಸು, ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹಿರಿಯರ ಜಾಡು ಹಿಡಿದು ಹೊರಟವರು ವಿಜಯನಗರದ ನನ್ನ ಸಮಾಲೋಚನೆಯ ಕೋಣೆಗೆ ಈಚೆಗೆ ಆಗಾಗ ಬರುತ್ತಾರೆ. ಅವರಲ್ಲಿ ಈಕೆ ನನ್ನ ನಿದ್ದೆ ಕೆಡಿಸಿದವರು.

ವಯಸ್ಸು ಮೂವತ್ತಾರು, ಐದು ತಿಂಗಳ ಬಸುರಿ. ಪೌತಿ ಖಾತೆಗೆಂದು, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲೆಂದು, ನಾಡಕಚೇರಿಯಿಂದ ತಂದ ವಂಶವೃಕ್ಷದಲ್ಲಿ ತಾತನ ಹೆಂಡತಿಯೆಂದು ಇದ್ದದ್ದು ಒಂದೇ ಹೆಸರು, ಅಪ್ಪನನ್ನು ಸಾಕಿದ ಮಲತಾಯಿಯದು. ಹೆತ್ತ ಅಜ್ಜಿ ಬಾಣಂತನದಲ್ಲಿ ಹೋದರು ಎಂದಷ್ಟೇ ಮನೆಯ ಮಾತು. ಊರಿನ ಮುದುಕಿಯೊಬ್ಬರು ಬೇರೆಯೇ ಹೇಳಿದರು. 1950ರ ದಶಕ. ಎರಡನೇ ಹೆರಿಗೆಯಾಗಿ ವಾರದೊಳಗೆ ಆಕೆಗೆ ನಿದ್ದೆ ಹೋಯಿತು, ಮಗು ತನ್ನದಲ್ಲ ಎಂದು ಕೂಗಾಡಿದರು. ಬೆಂಗಳೂರಿನ ಹೊಸೂರು ರಸ್ತೆಯ ಮಾನಸಿಕ ಆಸ್ಪತ್ರೆಗೆ ಸೇರಿಸಿದವರು ಮತ್ತೆ ಕರೆತರಲಿಲ್ಲ.

ಮೂರು ಭೇಟಿ ಬರೀ ದಾಖಲೆಯ ಮಾತಾಯಿತು. ನಾಲ್ಕನೆಯ ಸಲ ಕೇಳಿದೆ, "ಆಸ್ಪತ್ರೆಯ ಕಡತ ಸಿಕ್ಕಿದರೆ ಮೊದಲು ಏನು ನೋಡ್ತೀರಿ?"

"ಕಾಯಿಲೆ ಹೆಸರು."

ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ, "ನಾನೂ ಮಗು ನಂದಲ್ಲ ಅಂದ್ರೆ, ಮೇಡಂ?"

ಕಡತದ ಮಾತು ಬದಿಗಿಡಿ ಎಂದೆ. ಎಪ್ಪತ್ತು ವರ್ಷದ ಹಿಂದಿನ ಮಾತು ಕೇಳಿ ರೋಗ ಇದೇ ಎನ್ನಲಾಗದು. ಆದರೆ ಬಾಣಂತಿಯರಿಗೆ ಹೀಗಾಗುವುದುಂಟು. ಸಾವಿರ ಹೆರಿಗೆಗೆ ಒಂದೆರಡು, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ಬೇಗ ಗುರುತಿಸಿದರೆ ಚಿಕಿತ್ಸೆಯಿಂದ ಗುಣವಾಗುತ್ತದೆ. ಅಜ್ಜಿಗೆ ಆಗಿದ್ದರೆ ಮೊಮ್ಮಗಳಿಗೂ ಆಗಲೇಬೇಕೆಂದಿಲ್ಲ, ಆದರೂ ಹೆರಿಗೆ ಡಾಕ್ಟರಿಗೆ ಈಗಲೇ ತಿಳಿಸಿ. ಹೆರಿಗೆಯಾದ ಮೇಲೆ ರಾತ್ರಿ ಮಗು ನೋಡಿಕೊಳ್ಳಲು ಇನ್ನೊಬ್ಬರಿರಲಿ, ನಿದ್ದೆ ತಪ್ಪಬಾರದು. ಅಜ್ಜಿಯನ್ನು ಬಿಟ್ಟುಬಂದ ಆ ಆಸ್ಪತ್ರೆಯೇ ಇಂದಿನ ನಿಮ್ಹಾನ್ಸ್. 2009ರಿಂದ ಅಲ್ಲಿ ತಾಯಿಯನ್ನೂ ಕೂಸನ್ನೂ ಜೊತೆಗೇ ಇಟ್ಟು ನೋಡುವ ವಾರ್ಡೇ ಇದೆ. ಇದನ್ನು ಕೇಳಿ ಆಕೆ ಅತ್ತದ್ದು ಅಜ್ಜಿಗಾಗಿಯೋ ತನಗಾಗಿಯೋ, ನಾನು ಕೇಳಲಿಲ್ಲ.

ಬಸುರಿಗೆ ಇದೆಲ್ಲ ಯಾಕೆ ಹೇಳಿದಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಹೇಳದಿದ್ದರೆ ಹೆದರಿಕೆ ಹೋಗುತ್ತಿತ್ತೇ? ಮೊಬೈಲು ತೆರೆದು ಆಕೆ ಅಷ್ಟೂ ಓದಿಕೊಂಡೇ ಬಂದಿದ್ದರು, ಅದೂ ಅರೆಬರೆ.

ಇನ್ನೊಂದು ಸಲಹೆಗೆ ಆಕೆಯೇ ಸಿಟ್ಟಾದರು. ನೆಂಟರ ವಾಟ್ಸ್ಆ್ಯಪ್ ಗುಂಪಿಗೆ ಅಜ್ಜಿಯ ಕಥೆ ಹಾಕಿ, ಹಿರಿಯರ ಹಬ್ಬಕ್ಕೆ ಎಲ್ಲರೆದುರು ಎಡೆ ಇಡಿಸುವ ಲೆಕ್ಕಾಚಾರ ಅವರದು. ಮೊದಲು ಅಪ್ಪನನ್ನು ಕೇಳಿ ಎಂದೆ. ಆ ಹೆಂಗಸು ನಿಮಗೆ ಅಜ್ಜಿ, ಅವರಿಗೆ ಅವ್ವ. ಮುಚ್ಚಿಟ್ಟವರ ಪರ ಮಾತಾಡ್ತೀರಾ ಎಂದರು. ಆ ಮಾತು ನನಗೆ ನಾಟಿತು, ಆದರೂ ಸಲಹೆ ಬದಲಿಸಲಿಲ್ಲ. ಸತ್ತವರ ಗೌರವಕ್ಕೆಂದು ಬದುಕಿರುವ ಮುದುಕನನ್ನು ನೆಂಟರ ನಡುವೆ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ.

ಅಪ್ಪನಿಗೆ ಎಲ್ಲ ಗೊತ್ತಿತ್ತು. "ಒಂದ್ಸಲ ಕರ್ಕೊಂಡೋಗಿದ್ರು. ಕಿಟಕಿ ಕಂಬಿ ಹಿಡ್ಕೊಂಡು ನಿಂತಿದ್ಲು, ಹಸಿರು ಸೀರೆ," ಎಂದರಂತೆ. ಸಾಕಿದ ಚಿಕ್ಕವ್ವ ನೊಂದುಕೊಂಡಾಳೆಂದು ಬಾಯಿ ಕಟ್ಟಿಕೊಂಡವರು, ಆಕೆ ತೀರಿಕೊಂಡ ಮೇಲೂ ಬಿಚ್ಚಲಿಲ್ಲ. ಗುಂಪಿಗೆ ಹಾಕಬೇಡ ಎಂದರು. ಈಕೆ ಹಾಕಲಿಲ್ಲ. ಅದಕ್ಕೆ ನಾನೇ ಕಾರಣವೇನೋ ಎಂಬ ಕಸಿವಿಸಿ ನನಗಿದೆ.

ಮಹಾಲಯ ಅಮಾವಾಸ್ಯೆಯಂದು ಎಡೆಯ ಮುಂದೆ ಎರಡು ಸೀರೆ ಇದ್ದವಂತೆ. ಹಸಿರಿನದು ಯಾರಿಗೆ ಎಂದು ಸೋದರತ್ತೆ ಕೇಳಿದರೆ ಅಪ್ಪ ಉತ್ತರ ಕೊಡದೆ ಇನ್ನೊಂದು ಎಲೆ ಹಾಕಿದರಂತೆ.