ಗುದ್ದಲಿ ಪೂಜೆಗೆ ಮುಂಚೆ ಒಂದು ಹಾಳೆ

ಈ ಸಲ ಬಂದ ಪತ್ರಗಳಲ್ಲಿ ಎರಡು ಪತ್ರ ಹೆಚ್ಚು ಕಡಿಮೆ ಒಂದೇ ಮಾತು ಕೇಳುತ್ತವೆ. ಒಂದು ವೈಟ್‌ಫೀಲ್ಡ್‌ನ ಆಫೀಸಿನದು, ಇನ್ನೊಂದು ಕತ್ರಿಗುಪ್ಪೆಯ ಅಪಾರ್ಟ್‌ಮೆಂಟಿನದು. ಕೆಲಸ ಶುರು ಮಾಡುವುದು ಹೇಗೆ ಅಂತ ಇಬ್ಬರಿಗೂ ಚಿಂತೆ. ಮೂವತ್ತು ವರ್ಷ ನಾನು ಮಾಡಿದ್ದು ಇದೇ ಕೆಲಸ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಸಾಫ್ಟ್‌ವೇರ್ ಕಂಪನಿಯಲ್ಲಿ ಆರು ವರ್ಷ ಟೆಸ್ಟಿಂಗ್ ಮಾಡಿದ್ದೇನೆ. ಈಗ ಮೊದಲ ಸಲ ಒಂದು ಪ್ರಾಜೆಕ್ಟ್ ಪೂರ್ತಿ ನನ್ನ ಕೈಗೆ ಕೊಟ್ಟಿದ್ದಾರೆ. ಮೂರು ಶಾಖೆ ಇರುವ ಆಸ್ಪತ್ರೆಯೊಂದಕ್ಕೆ ಹೊರರೋಗಿಗಳ ಟೋಕನ್ ಮತ್ತು ಅಪಾಯಿಂಟ್‌ಮೆಂಟ್ ವ್ಯವಸ್ಥೆ ಮಾಡಿಕೊಡಬೇಕು. ಏಳು ಜನರ ಟೀಮ್, ಐದು ತಿಂಗಳ ಗಡುವು. ಮುಂದಿನ ಸೋಮವಾರ ಕಿಕ್‌ಆಫ್ ಮೀಟಿಂಗ್, ಅಂದರೆ ಕೆಲಸ ಶುರು ಮಾಡುವ ಮೊದಲ ಸಭೆ. ನಾನು ಏನು ಕೇಳಿದರೂ ನಮ್ಮ ಮ್ಯಾನೇಜರ್ ‘ಮೊದಲು ಶುರು ಮಾಡಿ, ಆಮೇಲೆ ನೋಡ್ಕೊಳ್ಳೋಣ’ ಅನ್ನುತ್ತಾರೆ. ಜಾಸ್ತಿ ಪ್ರಶ್ನೆ ಕೇಳಿದರೆ ‘ಇವಳ ಕೈಲಿ ಆಗಲ್ಲ’ ಅಂದುಕೊಳ್ಳುತ್ತಾರೇನೋ ಅಂತ ಭಯ. ಮೊದಲ ವಾರ ಏನು ಮಾಡಲಿ?
– ಓದುಗಿ, ಹೂಡಿ

ಉತ್ತರ: ಧೈರ್ಯವಾಗಿ ಕೇಳಿ. ಮೊದಲ ವಾರ ಕೇಳಿದ ಪ್ರಶ್ನೆಗೆ ಯಾರೂ ಬೈಯುವುದಿಲ್ಲ. ಅದೇ ಪ್ರಶ್ನೆಯನ್ನು ನಾಲ್ಕನೇ ತಿಂಗಳಲ್ಲಿ ಕೇಳಿದರೆ ‘ಇಷ್ಟು ದಿನ ಏನ್ ಮಾಡ್ತಾ ಇದ್ರಿ?’ ಅನ್ನುತ್ತಾರೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. 1996ರಲ್ಲಿ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿದ್ದೆ. ಸ್ಟೋರ್ಸ್ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ತರುವ ಕೆಲಸ ನನಗೆ ಬಂತು. ಬೆಳಿಗ್ಗೆ ಪೂಜೆ ಮಾಡಿ, ಕಾಯಿ ಒಡೆದು, ಸಿಹಿ ಹಂಚಿದೆವು. ಮಧ್ಯಾಹ್ನವೇ ಕೆಲಸ ಶುರು. ಆ ದಿನದ ಮೀಟಿಂಗ್‌ನಲ್ಲಿ ದೊಡ್ಡವರೆಲ್ಲ ಇದ್ದರು. ನಾಲ್ಕು ತಿಂಗಳಾದ ಮೇಲೆ ಸ್ಟೋರ್ ಕೀಪರ್ ಹತ್ತಿರ ಹೋಗಿ, ನೋಡಿ ಸರ್, ಹೇಗಿದೆ ಅಂತ ತೋರಿಸಿದೆ. ಅವರು ಪರದೆಯನ್ನು ಎರಡು ನಿಮಿಷ ನೋಡಿದರು. ಆಮೇಲೆ ತಮ್ಮ ಉದ್ದನೆಯ ರಿಜಿಸ್ಟರ್ ತೆಗೆದು ಕೆಂಪು ಪೆನ್ಸಿಲ್‌ನಲ್ಲಿ ಗುರುತು ಹಾಕಿದ ಸಾಲುಗಳ ಮೇಲೆ ಬೆರಳಿಟ್ಟರು. ಪ್ಲೇಟಿಂಗ್‌ಗೆ, ಅಂದರೆ ಲೋಹದ ಲೇಪ ಹಾಕಿಸಲು, ಹೊರಗೆ ಕಳಿಸಿದ ಮಾಲಿನ ಲೆಕ್ಕ ಅದು. 500 ಪೀಸ್ ಕಳಿಸಿದರೆ ಇವತ್ತು 300 ಬರುತ್ತದೆ, ಮುಂದಿನ ವಾರ 180 ಬರುತ್ತದೆ, 20 ರಿಜೆಕ್ಟ್ ಆಗುತ್ತದೆ. ‘ಇದನ್ನ ಎಲ್ಲಿ ಬರೀಲಿ ಮೇಡಂ?’ ಅಂದರು. ಹೋದ ಮಾಲಿಗೆ ನಾವು ಒಂದು ಜಾಗ ಮಾಡಿದ್ದೆವು, ಬಂದ ಮಾಲಿಗೆ ಒಂದು ಜಾಗ ಮಾಡಿದ್ದೆವು. ಅರ್ಧ ಬಂದ ಮಾಲಿಗೆ ಜಾಗವೇ ಇರಲಿಲ್ಲ. ನಮ್ಮ ಕಾರ್ಖಾನೆಯ ಅರ್ಧ ವಹಿವಾಟು ಹೊರಗಿನ ಜಾಬ್ ವರ್ಕ್ ಮೇಲೇ ನಡೆಯುತ್ತಿತ್ತು! ಬರೆದದ್ದನ್ನು ಬಿಚ್ಚಿ ಮತ್ತೆ ಕಟ್ಟಲು ಇನ್ನೂ ಎರಡೂವರೆ ತಿಂಗಳು ಹಿಡಿಯಿತು. ಮೊದಲ ದಿನ ಆ ಮನುಷ್ಯನ ಪಕ್ಕ ಒಂದು ಗಂಟೆ ಕೂತಿದ್ದರೆ ಸಾಕಾಗಿತ್ತು.

ನಿಮ್ಮ ಆಸ್ಪತ್ರೆಯ ಸ್ಟೋರ್ ಕೀಪರ್ ಯಾರು? ಹೊರರೋಗಿ ಕೌಂಟರಿನಲ್ಲಿ ಕೂತು ಚೀಟಿ ಬರೆಯುವವರು. ಸೋಮವಾರದ ಮೀಟಿಂಗ್‌ಗೆ ಮುಂಚೆ ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿ, ಅವರ ಹಿಂದೆ ಒಂದು ಕುರ್ಚಿ ಹಾಕಿಕೊಂಡು ಕೂತುಬಿಡಿ. ಮಾತು ಬೇಡ, ಸುಮ್ನೆ ನೋಡಿ. ಬೆಳಿಗ್ಗೆ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ, ಮಧ್ಯಾಹ್ನ ‘ರಿಪೋರ್ಟ್ ತೋರಿಸ್ಬೇಕು ಅಷ್ಟೇ’ ಅಂತ ವಾಪಸ್ ಬರುವವರು ಇರುತ್ತಾರಲ್ವಾ? ಅವರಿಗೆ ಹೊಸ ಟೋಕನ್ನೋ, ಹಳೆಯದೇ ಸಾಕೋ? ಮಗನ ಮೊಬೈಲ್ ನಂಬರ್ ಕೊಟ್ಟು ಒಬ್ಬರೇ ಬಂದ ಅಜ್ಜಿಗೆ ಮೆಸೇಜ್ ಎಲ್ಲಿಗೆ ಹೋಗುತ್ತದೆ? ಡಾಕ್ಟರು ಆಪರೇಷನ್‌ಗೆ ಹೋದರೆ ಕಾಯುತ್ತಿರುವ 30 ಜನರಿಗೆ ಯಾರು ಹೇಳುತ್ತಾರೆ? ಇಂಥವು ಆಸ್ಪತ್ರೆಯ ಆಡಳಿತದವರು ಕೊಟ್ಟ ಪಟ್ಟಿಯಲ್ಲಿ ಇರುವುದಿಲ್ಲ. ಅವರಿಗೆ ಇದೆಲ್ಲ ಎಷ್ಟು ರೂಢಿಯಾಗಿರುತ್ತದೆ ಅಂದರೆ, ಹೇಳಬೇಕು ಅಂತಲೇ ಹೊಳೆಯುವುದಿಲ್ಲ.

ಆಮೇಲೆ ಮನೆಗೆ ಬಂದು ಒಂದು ಹಾಳೆ ತೆಗೆದುಕೊಳ್ಳಿ. ಒಂದೇ ಹಾಳೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಪ್ರಾಜೆಕ್ಟ್ ಚಾರ್ಟರ್ ಅನ್ನುತ್ತಾರೆ. ಹೆಸರು ಏನಾದರೂ ಇರಲಿ. ಇಡೀ ಕೆಲಸ ಯಾಕೆ ಅನ್ನುವುದನ್ನು ಮೊದಲ ಎರಡು ಸಾಲಿನಲ್ಲಿ ಬರೆಯಿರಿ. ‘ಟೋಕನ್ ಆ್ಯಪ್ ಮಾಡುವುದು’ ಅಂತ ಬರೆದರೆ ಆಗಲಿಲ್ಲ, ಅದು ನೀವು ಮಾಡುವ ವಸ್ತು. ‘ರೋಗಿ ಎಷ್ಟು ಹೊತ್ತು ಕಾಯಬೇಕು ಅಂತ ಬಂದ ತಕ್ಷಣ ಅವರಿಗೆ ಗೊತ್ತಾಗಬೇಕು’ ಅಂತ ಬರೆದರೆ ಅದು ಉದ್ದೇಶ. ಅದರ ಕೆಳಗೆ, ಮುಗಿಯಿತು ಅನ್ನಲು ಏನೇನು ಆಗಿರಬೇಕು, ಹಾಗೆ ಹೇಳುವವರು ಯಾರು ಅಂತ ಬರೆಯಿರಿ. ನನಗೆ ಇಡೀ ಹಾಳೆಯಲ್ಲಿ ಇದೇ ಮುಖ್ಯ. ‘ಆಸ್ಪತ್ರೆಯವರು’ ಅಂತ ಬರೆಯಬೇಡಿ. ಒಬ್ಬ ಮನುಷ್ಯರ ಹೆಸರು ಬೇಕು. ನಾಲ್ಕು ಜನ ಒಪ್ಪಬೇಕಾದ ಕೆಲಸವನ್ನು ಯಾರೂ ಒಪ್ಪದೆ ಹೋದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನು, ಯಾವುದು ನಿಮ್ಮ ಕೆಲಸ ಅಲ್ಲ ಅನ್ನುವುದನ್ನೂ ಬರೆಯಿರಿ. ಔಷಧಿ ಬಿಲ್ ಇದರಲ್ಲಿಲ್ಲ, ಲ್ಯಾಬ್ ರಿಪೋರ್ಟ್ ಇದರಲ್ಲಿಲ್ಲ. ಇದನ್ನು ಬರೆಯಲು ಸಂಕೋಚ ಆಗುತ್ತದೆ, ನನಗೂ ಆಗುತ್ತಿತ್ತು. ಆದರೂ ಬರೆಯಿರಿ. ಮೂರನೇ ತಿಂಗಳಲ್ಲಿ ಯಾರಾದರೂ ‘ಇದೊಂದು ಚಿಕ್ಕದು ಸೇರಿಸಿಬಿಡಿ’ ಅಂತ ಬಂದಾಗ ಈ ಸಾಲುಗಳೇ ನಿಮ್ಮ ಕೈ ಹಿಡಿಯುತ್ತವೆ. ಐದು ತಿಂಗಳು ಅಂತ ಯಾರು, ಯಾವ ಲೆಕ್ಕದಲ್ಲಿ ಹೇಳಿದರು ಅಂತಲೂ ಕೇಳಿ. ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಳ್ಳಿ. ಜೂನ್‌ನಲ್ಲಿ ಶುರುವಾದರೆ ಗೌರಿ ಗಣೇಶ ಬರುತ್ತದೆ, ದಸರಾ ಬರುತ್ತದೆ. ಆಯುಧ ಪೂಜೆ ವಾರ ನಿಮ್ಮ ಏಳು ಜನರಲ್ಲಿ ಎಷ್ಟು ಜನ ಊರಿಗೆ ಹೋಗುತ್ತಾರೆ ಅಂತ ಈಗಲೇ ಕೇಳಿ ಗುರುತು ಹಾಕಿ.

ಕಿಕ್‌ಆಫ್ ದಿನ ಇನ್ನೊಂದು ಕೆಲಸ ಮಾಡಿ. ಗ್ಯಾರಿ ಕ್ಲೈನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಇದಕ್ಕೆ ಪ್ರೀಮಾರ್ಟಮ್ ಅಂತ ಹೆಸರಿಟ್ಟರು. 2007ರಲ್ಲಿ ಅವರು ಈ ಬಗ್ಗೆ ಬರೆದ ಲೇಖನ ಹೆಸರಾಯಿತು. ಎಲ್ಲರಿಗೂ ಹೀಗೆ ಹೇಳಬೇಕು: ‘ಐದು ತಿಂಗಳು ಕಳೆದಿದೆ ಅಂದುಕೊಳ್ಳಿ. ನಮ್ಮ ಪ್ರಾಜೆಕ್ಟ್ ಪೂರ್ತಿ ಕೆಟ್ಟುಹೋಗಿದೆ. ಯಾಕೆ ಕೆಟ್ಟಿತು, ಬರೆಯಿರಿ.’ ಒಬ್ಬರೊಬ್ಬರೇ ಬರೆಯಬೇಕು, ಆಮೇಲೆ ಓದಬೇಕು. ನಾನು ಇದನ್ನು ಮೊದಲ ಸಲ ಮಾಡಿಸಿದಾಗ ಟೀಮಿನ ಹಿರಿಯರೊಬ್ಬರು ‘ಬಿಡ್ತು ಅನ್ನಿ ಮೇಡಂ, ಒಳ್ಳೆ ಕೆಲಸದ ದಿನ ಯಾಕೆ ಈ ಮಾತು’ ಅಂದರು. ಅವರ ಮನಸ್ಸು ನನಗೆ ಅರ್ಥವಾಯಿತು. ನಾವೆಲ್ಲ ಹಾಗೇ ಬೆಳೆದವರು. ಆದರೆ ಆ ದಿನ ಯಾವತ್ತೂ ಬಾಯಿ ಬಿಡದ ಒಬ್ಬ ಹುಡುಗ ಬರೆದಿದ್ದ: ‘ಹಳೆಯ ಡೇಟಾ ಕೊಡ್ತೀವಿ ಅಂದವರು ಕೊಡಲಿಲ್ಲ.’ ನಾವು ಯಾರೂ ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ. ಮಾರನೇ ದಿನವೇ ಹೋಗಿ ಕೇಳಿದೆವು. ಏನಾದೀತು ಅಂತ ಕೇಳಿದರೆ ಜನ ಸಂಕೋಚಪಡುತ್ತಾರೆ. ಆಗಿಹೋಗಿದೆ ಅಂದರೆ ಮನಸ್ಸು ಬಿಚ್ಚುತ್ತಾರೆ.

ಮ್ಯಾನೇಜರ್ ‘ಮೊದಲು ಶುರು ಮಾಡಿ’ ಅಂದರೆ ಎದುರು ವಾದ ಬೇಡ. ‘ಶುರು ಮಾಡ್ತಾ ಇದ್ದೀನಿ ಸರ್, ಇದೇ ಮೊದಲ ವಾರದ ಕೆಲಸ’ ಅಂತ ಹಾಳೆ ಕೈಗೆ ಕೊಡಿ. ಅವರಿಗೆ ಉದಾಹರಣೆ ಬೇಕು ಅನ್ನಿಸಿದರೆ ಸಿಡ್ನಿಯ ಒಪೆರಾ ಹೌಸ್ ಕಥೆ ಹೇಳಿ. ಛಾವಣಿಯನ್ನು ಹೇಗೆ ಕಟ್ಟುವುದು ಅಂತ ತೀರ್ಮಾನ ಆಗುವ ಮೊದಲೇ, 1959ರಲ್ಲಿ, ಸರ್ಕಾರದ ಅವಸರಕ್ಕೆ ಕೆಲಸ ಶುರುವಾಯಿತು. ಆಮೇಲೆ ನೋಡಿದರೆ ಕೆಳಗೆ ಕಟ್ಟಿದ್ದ ಕಂಬಗಳಿಗೆ ಆ ಛಾವಣಿಯ ಭಾರ ಹೊರುವ ಶಕ್ತಿ ಇರಲಿಲ್ಲ, ಮತ್ತೆ ಕಟ್ಟಬೇಕಾಯಿತು. 1963ಕ್ಕೆ ಮುಗಿಯಬೇಕಿದ್ದದ್ದು 1973ರಲ್ಲಿ ತೆರೆಯಿತು. 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಅಂದಾಜು ಮಾಡಿದ್ದಕ್ಕೆ 10 ಕೋಟಿ 20 ಲಕ್ಷ ಖರ್ಚಾಯಿತು. ಇವತ್ತು ಅದು ಜಗತ್ತೇ ಮೆಚ್ಚುವ ಕಟ್ಟಡ, ನಿಜ. ನಿಮ್ಮ ಆಸ್ಪತ್ರೆಗೆ ಹತ್ತು ವರ್ಷ ಕಾಯುವ ತಾಳ್ಮೆ ಇರುವುದಿಲ್ಲ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ. ನಮ್ಮದು 24 ಮನೆಗಳ ಅಪಾರ್ಟ್‌ಮೆಂಟ್, ನಾನು ಸಂಘದ ಕಾರ್ಯದರ್ಶಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ದುಡ್ಡು ಸುರಿದು ಸಾಕಾಯಿತು. ಮಳೆಕೊಯ್ಲು ಮಾಡಿಸಿ ಟ್ಯಾಂಕರ್ ನಿಲ್ಲಿಸುವುದು ಅಂತ ಕಮಿಟಿ ತೀರ್ಮಾನ ಮಾಡಿದೆ. ಗುತ್ತಿಗೆದಾರ ಅರ್ಧ ಹಣ ಮುಂಗಡ ಕೊಟ್ಟರೆ ನಾಳೆಯೇ ಶುರು ಅನ್ನುತ್ತಿದ್ದಾನೆ. ಎಂಟು ಮನೆಯವರು ವಿರೋಧ. ಮಳೆಗಾಲ ಹತ್ತಿರ ಬಂತು. ಶುರು ಮಾಡಿಬಿಡಲೇ?
– ಓದುಗ, ಕತ್ರಿಗುಪ್ಪೆ

ಉತ್ತರ: ಒಂದು ವಾರ ತಡೆಯಿರಿ ಸರ್. ಮಳೆಕೊಯ್ಲು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. 2,400 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ಜಾಗದಲ್ಲಿರುವ ಹಳೆಯ ಕಟ್ಟಡಗಳಿಗೂ ಬೆಂಗಳೂರಿನಲ್ಲಿ ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯಿಂದ ಇದು ಕಡ್ಡಾಯ. ಆದರೆ ‘ಟ್ಯಾಂಕರ್ ನಿಲ್ಲಿಸುವುದು’ ಅನ್ನುವ ಮಾತು ನನಗೆ ಕಳವಳ ತಂದಿತು. ಬನ್ನಿ, ಲೆಕ್ಕ ಹಾಕೋಣ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ತಾರಸಿ 6,000 ಚದರ ಅಡಿ ಇದೆ ಅಂದುಕೊಳ್ಳೋಣ, ಅಂದರೆ ಸುಮಾರು 557 ಚದರ ಮೀಟರ್. ವರ್ಷಕ್ಕೆ 900 ಮಿ.ಮೀ. ಮಳೆ ಹಿಡಿದರೆ 5 ಲಕ್ಷ ಲೀಟರ್. ಆವಿಯಾಗಿ, ಸೋರಿ, ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಟ್ಟು, ಕೈಗೆ 4 ಲಕ್ಷ ಸಿಕ್ಕಿತು ಅನ್ನಿ. ಈಗ ಖರ್ಚು ನೋಡಿ. ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ 135 ಲೀಟರ್ ಅಂದರೆ 24 ಮನೆಗೆ ದಿನಕ್ಕೆ ಹತ್ತಿರ ಹತ್ತಿರ 13,000 ಲೀಟರ್. ಇಡೀ ವರ್ಷದ ಮಳೆ ನೀರು ನಿಮಗೆ ಒಂದು ತಿಂಗಳ ನೀರು. ಅದೂ ಅಷ್ಟನ್ನೂ ತುಂಬಿಡುವ ಜಾಗ ಇದ್ದರೆ.

ಒಂದು ತಿಂಗಳ ನೀರು ಸಣ್ಣ ಮಾತಲ್ಲ. ಉಳಿದದ್ದನ್ನು ಇಂಗುಗುಂಡಿಗೆ ಬಿಟ್ಟರೆ ಅಂತರ್ಜಲಕ್ಕೂ ಒಳ್ಳೆಯದು. ಆದರೆ ಟ್ಯಾಂಕರ್ ನಿಲ್ಲುತ್ತದೆ ಅಂತ ಹೇಳಿ ಹಣ ಕೇಳಿದರೆ, ಮುಂದಿನ ಮಾರ್ಚ್‌ನಲ್ಲಿ ಗೇಟಿನ ಮುಂದೆ ಟ್ಯಾಂಕರ್ ನಿಂತ ದಿನ ಎಲ್ಲರೂ ನಿಮ್ಮನ್ನು ಹಿಡಿದುಕೊಳ್ಳುತ್ತಾರೆ. ಕೆಲಸ ಚೆನ್ನಾಗಿ ಆಗಿದ್ದರೂ ಸೋತಂತೆ ಕಾಣುತ್ತದೆ. ‘ಜೂನ್‌ನಿಂದ ಅಕ್ಟೋಬರ್‌ವರೆಗೆ ಟ್ಯಾಂಕರ್ ಕಡಿಮೆ ಆಗಬೇಕು, ತಾರಸಿಯ ನೀರು ಚರಂಡಿಗೆ ಹೋಗಬಾರದು’ ಅಂತ ಬರೆದು ಲಿಫ್ಟ್ ಪಕ್ಕದ ಬೋರ್ಡಿಗೆ ಹಾಕಿ. ನಿಮ್ಮ ತಾರಸಿಯ ನಿಜವಾದ ಅಳತೆ, ಈ ಲೆಕ್ಕ, ಎರಡೂ ಅದರಲ್ಲಿರಲಿ.

ಎಂಟು ಮನೆಯವರ ಹತ್ತಿರ ಒಬ್ಬೊಬ್ಬರ ಮನೆಗೇ ಹೋಗಿ. ಸಭೆಗೆ ಕರೆಯಬೇಡಿ. ಸಭೆಯಲ್ಲಿ ಜನ ತಮ್ಮ ನಿಲುವು ಹೇಳುತ್ತಾರೆ, ಕಾಫಿ ಕುಡಿಯುವಾಗ ಕಾರಣ ಹೇಳುತ್ತಾರೆ. ಒಬ್ಬರ ಕಾರು ನಿಲ್ಲಿಸುವ ಜಾಗದಲ್ಲೇ ಗುಂಡಿ ತೋಡಬೇಕಾಗಿರಬಹುದು. ಇನ್ನೊಬ್ಬರು ಬಾಡಿಗೆಗೆ ಕೊಟ್ಟು ಬೇರೆ ಕಡೆ ಇರಬಹುದು. ಎರಡಕ್ಕೂ ಬೇರೆ ಬೇರೆ ಪರಿಹಾರ.

ಮುಂಗಡ ಅರ್ಧ ಕೊಡಬೇಡಿ. ಪೈಪು ಮತ್ತು ಫಿಲ್ಟರ್ ಬಂದಾಗ ಇಷ್ಟು, ಗುಂಡಿ ಮುಗಿದಾಗ ಇಷ್ಟು, ಮೊದಲ ಜೋರು ಮಳೆಯಲ್ಲಿ ನೀರು ಸರಿಯಾಗಿ ಇಳಿದದ್ದನ್ನು ನೋಡಿದ ಮೇಲೆ ಕೊನೆಯ ಕಂತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಇಬ್ಬರು ಮೂವರು ಸೇರಿ ಜಯನಗರ 5ನೇ ಬ್ಲಾಕ್‌ನ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ನೋಡಿ ಬನ್ನಿ. ಜಲಮಂಡಳಿಯದು. ಬೇರೆ ಬೇರೆ ವಿಧಾನಗಳ ಮಾದರಿಗಳಿವೆ. ವಿರೋಧಿಸುವವರಲ್ಲಿ ಒಬ್ಬರನ್ನು ತಪ್ಪದೆ ಕರೆದುಕೊಂಡು ಹೋಗಿ. ಕೊನೆಗೆ, ಫಿಲ್ಟರ್ ತೊಳೆಯುವವರು ಯಾರು ಅಂತ ಕೆಲಸ ಶುರುವಾಗುವ ಮೊದಲೇ ಗೊತ್ತು ಮಾಡಿ. ಎರಡನೇ ವರ್ಷಕ್ಕೆ ಎಲೆ, ಕಸ ಕಟ್ಟಿಕೊಂಡು ನಿಂತುಹೋದ ಮಳೆಕೊಯ್ಲು ನಮ್ಮ ರಸ್ತೆಯಲ್ಲೇ ಎರಡಿವೆ. ಮಳೆ ಬಂದಾಗ ಆ ಮನೆಗಳ ಮುಂದೆ ನೀರು ರಸ್ತೆಗೆ ಹರಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಅಂತಿಮ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದೇನೆ. ಪ್ರಾಜೆಕ್ಟ್ ಮ್ಯಾನೇಜರ್ ಆಗಲು ಈಗಲೇ ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್) ಪರೀಕ್ಷೆ ಬರೆಯಬಹುದೇ?
– ವಿದ್ಯಾರ್ಥಿ, ಕೆಂಗೇರಿ

ಉತ್ತರ: ಈಗ ಆಗುವುದಿಲ್ಲಪ್ಪ. ಆ ಪರೀಕ್ಷೆಗೆ ಪದವೀಧರರಾದರೂ ಪ್ರಾಜೆಕ್ಟ್ ನಡೆಸಿದ ಮೂರು ವರ್ಷದ ಅನುಭವ ಕೇಳುತ್ತಾರೆ. ಅದನ್ನು ನಡೆಸುವುದು 1969ರಲ್ಲಿ ಅಮೆರಿಕದಲ್ಲಿ ಶುರುವಾದ ಪಿಎಂಐ ಅನ್ನುವ ಸಂಸ್ಥೆ. ಅನುಭವ ಇಲ್ಲದವರಿಗಾಗಿ ಅವರದೇ ಸಿಎಪಿಎಂ ಅನ್ನುವ ಪರೀಕ್ಷೆ ಇದೆ. ಸಾಲ ಮಾಡಿ ಕೋರ್ಸ್ ಸೇರುವ ಅವಸರ ಬೇಡ. ನಿಮ್ಮ ಬೀದಿಯಲ್ಲಿ ನವೆಂಬರ್‌ನಲ್ಲಿ ರಾಜ್ಯೋತ್ಸವ ಮಾಡುತ್ತಾರಲ್ವಾ? ಈ ವರ್ಷ ಅದನ್ನು ನೀವು ವಹಿಸಿಕೊಳ್ಳಿ. ಪೆಂಡಾಲ್, ಮೈಕಿಗೆ ಪೊಲೀಸ್ ಅನುಮತಿ, ಚಂದಾ, ಊಟ, ಮಾರನೇ ದಿನ ಬೀದಿ ಗುಡಿಸುವುದು, ಎಲ್ಲ ಸೇರಿ ಮೇಲೆ ಹೇಳಿದ ಹಾಗೆ ಒಂದು ಹಾಳೆ ಬರೆಯಿರಿ. ಡಿಸೆಂಬರ್‌ನಲ್ಲಿ ಆ ಹಾಳೆಯನ್ನು ನನಗೆ ಕಳಿಸಿ. ಏನೇನು ಬರೆದ ಹಾಗೆ ಆಯಿತು, ಏನೇನು ಆಗಲಿಲ್ಲ ಅಂತ ಪಕ್ಕದಲ್ಲಿ ಗುರುತು ಹಾಕಿರಿ. ನಾನು ಓದಿ ಉತ್ತರ ಬರೆಯುತ್ತೇನೆ.